ಆರು ತೂತು

ಯಾದ್ವಿಗಾ ಅವರು ತಂದದ್ದು ಒಂದು ಕರಿ ಡಬ್ಬ,
ಬಾಗಿಲು ಹಾಕಿದ ವಿಮಾ ಕಚೇರಿಯ ಹರಾಜಿನದು.
ತರಕಾರಿ ಚೀಲದಲ್ಲಿತ್ತು, ಮೇಲೊಂದು ಕಟ್ಟು ಸಬ್ಬಸಿಗೆ.
ನೂರಿಪ್ಪತ್ತು ಜ್ವೋತಿ ಕೊಟ್ಟಿದ್ದರಂತೆ.
"ಟೋಪಿ ಬಿತ್ತೇ?" ಅಂದರು.
"ಇನ್ನೂ ಇಲ್ಲ" ಅಂದೆ.

ಬೇಕಾದದ್ದು ಇಷ್ಟೇ:
ವೂಚ್ ನಗರದಲ್ಲಿ ಇಪ್ಪತ್ತೊಂಬತ್ತು ವರ್ಷ
ಟ್ರಾಮು ನಡೆಸಿದ ಕೈ ಅದು;
ಒಜೊರ್ಕುಫಿನ ಆ ನಿಂತುಹೋದ ಹಾದಿಯಲ್ಲಿ
ಪರದೆಯ ಮೇಲಾದರೂ ಇನ್ನೊಮ್ಮೆ ಹೋಗಿಬರಬೇಕು.
ಯಾರೋ ಹುಡುಗರು ರಾತ್ರಿಯೆಲ್ಲ ಕೂತು ಕಟ್ಟಿದ್ದಾರೆ
ಒಂದೊಂದು ತಂತಿಕಂಬ, ಒಂದೊಂದು ತಂಗುದಾಣ,
ತಿರುವಿನ ಬರ್ಚ್ ಮರಗಳನ್ನೂ ಬಿಟ್ಟಿಲ್ಲ.
ಈ ಡಬ್ಬದಲ್ಲಿ ಅದೆಲ್ಲ ಕುಂಟುತ್ತದೆ,
ಸೆಕೆಂಡಿಗೆ ನಾಲ್ಕೇ ಚಿತ್ರ.
"ನಾನು ಬ್ರೇಕು ಒತ್ತುವಷ್ಟರಲ್ಲಿ
ಆ ಮುದುಕ ಮೂರು ಸಲ ಸಾಯುತ್ತಾನೆ."

ಸೋದರಳಿಯ ಕೊಟ್ಟ ಗ್ರಾಫಿಕ್ಸ್ ಕಾರ್ಡು ಮೇಜಿಗೆ ಬಂತು.
ಎರಡು ಫ್ಯಾನು, ಎಂಟು ಪಿನ್ನಿನ ಹಸಿವು.
ಡಬ್ಬದ ಪವರ್ ಸಪ್ಲೈಯೋ
ಇನ್ನೂರ ನಲವತ್ತು ವಾಟಿನ ಬಡ ಸಂಸಾರ,
ಹೊಸಬರಿಗೆ ಎಲೆ ಹಾಕಲು ಜಾಗವಿಲ್ಲ.
ಸರಿ, ಬೇರೆಯದನ್ನೇ ಕೂರಿಸೋಣವೆಂದು
ಕಪಾಟಿನಿಂದ ಒಂದು ಇಳಿಸಿದೆ.
ಲೋಕವೆಲ್ಲ ಒಪ್ಪಿದ ಇಪ್ಪತ್ತನಾಲ್ಕು ಪಿನ್ನು
ಹಿಡಿದು ಬೋರ್ಡಿಗೆ ಬಗ್ಗಿದರೆ

ಆರೇ ತೂತು.

ಕಂಪನಿ ತನಗೆ ತಾನೇ ಎರಕ ಹೊಯ್ದ ಬೀಗ.
ಬಾಯಲ್ಲಿ ಬಂದ ಮಾತು ಬಾಯಲ್ಲೇ ನುಂಗಿದೆ,
ಎದುರಿಗೆ ಹಿರಿಯರು.
ಅವರು ಕನ್ನಡಕ ಏರಿಸಿ ಇಣುಕಿ
"ಹಳಿಯ ಅಗಲ ಬೇರೆ" ಅಂದರು, ಅಷ್ಟೇ.
"ನಮ್ಮದು ಒಂದು ಮೀಟರು. ವಾರ್ಸಾದ ಟ್ರಾಮು ತಂದು ಇಡಿ ನೋಡೋಣ.
ಹಳಿ ಬಿಟ್ಟು ಕಲ್ಲಿನ ಮೇಲೆ ಕೂರುತ್ತದೆ.
ಬೆಳಗ್ಗಿನಿಂದ ಸಂಜೆವರೆಗೆ ಗಂಟೆ ಹೊಡೆಯಿರಿ, ಹೊರಡದು.
ಆದರೆ ಯಾರಿಗೂ ಪೆಟ್ಟಾಗದು."

ಯಾರಿಗೂ ಪೆಟ್ಟಾಗದು.
ನಾನು ಸ್ಕ್ರೂ ಡ್ರೈವರು ಕೆಳಗಿಟ್ಟೆ.

ಅಂಗಡಿ ಹಾಕಿದ ಮೊದಲ ಚಳಿಗಾಲ, ಇದೇ ಮೇಜು,
ದೊಬ್ರೊಮಿಲಾ ಎಂಬ ಹುಡುಗಿಯ ಯಂತ್ರ.
ಒಂದು ಕೇಬಲು ಸಾಲದೆ ಬಂತು;
ಇನ್ನೊಂದು ಕಂಪನಿಯದು ಸಿಕ್ಕಿತು, ಅದೇ ಆಕಾರ, ಅದೇ ಕರಿ ಬಣ್ಣ.
ಒತ್ತಿದೆ. ಟಕ್ ಎಂದು ಎಷ್ಟು ಸಲೀಸಾಗಿ ಕೂತಿತು!
ಹೇಳಿ ಮಾಡಿಸಿದ ಜೋಡಿಯ ಹಾಗೆ.
ಒಳಗೆ ಐದು ಇರಬೇಕಾದಲ್ಲಿ ಹನ್ನೆರಡು.
ಹೊಗೆ ಕೂಡ ಬರಲಿಲ್ಲ ಸರಿಯಾಗಿ,
ಸುಟ್ಟ ಸಕ್ಕರೆಯಂಥ ಒಂದು ವಾಸನೆ, ಅಷ್ಟೇ.
ಆರು ವರ್ಷದ ಜೇನುಗೂಡುಗಳ ಲೆಕ್ಕ ಅದರಲ್ಲಿತ್ತು.
ಅವಳು ಬಯ್ಯಲಿಲ್ಲ.
ಕೈಗವಸು ಹಾಕಿಕೊಳ್ಳಲು ತುಂಬ ಹೊತ್ತು ತೆಗೆದುಕೊಂಡಳು.

ಅಂದಿನಿಂದ, ಒಲ್ಲೆ ಎನ್ನುವ ಬಾಯಿಗೆ
ನಾನು ಕೈಮುಗಿಯುತ್ತೇನೆ.
ಬಾಯಿಬಿಟ್ಟು ಒಳಕ್ಕೆ ಕರೆದುಕೊಳ್ಳುವುದನ್ನು
ಎರಡು ಸಲ ಅಳೆಯುತ್ತೇನೆ.

ಒಂಬತ್ತು ದಿನಕ್ಕೆ ಅಂಚೆಯಲ್ಲಿ ಅಡಾಪ್ಟರು ಬಂತು,
ಇಪ್ಪತ್ತನಾಲ್ಕನ್ನು ಆರಕ್ಕೆ ಇಳಿಸುವ ಗೇಣುದ್ದದ ದುಭಾಷಿ.
ನಡುವೆ ಉಗುರಗಲದ ಒಂದು ಹಸಿರು ಬಿಲ್ಲೆ:
ಹಳೆಯ ಸಪ್ಲೈ ನಿದ್ದೆಯಲ್ಲೂ ಹನ್ನೆರಡು ವೋಲ್ಟು ಉಸಿರಾಡುತ್ತಿತ್ತು,
ಹೊಸದರ ನಿದ್ದೆ ಐದರದು; ಅದನ್ನು ಏರಿಸಿ ಕೊಡಲು.
ಮೀಟರಿನ ಮುಳ್ಳುಕಡ್ಡಿ ಹಿಡಿದು ಕೂತೆ.
ಹಳದಿ ಹನ್ನೆರಡು. ಕೆಂಪು ಐದು.
ಕಿತ್ತಳೆ ಮೂರೂ ಚಿಲ್ಲರೆ. ಕಪ್ಪು ನೆಲ.
ಎಣಿಸಿದೆ, ಮತ್ತೆ ಎಣಿಸಿದೆ.
ಯಾದ್ವಿಗಾ ಸೂರ್ಯಕಾಂತಿ ಬೀಜ ಸುಲಿಯುತ್ತ
"ನೀವು ಟ್ರಾಮು ನಡೆಸಿದ್ದರೆ ಊರೆಲ್ಲ ತಡ" ಅಂದರು.

ಸಪ್ಲೈ ಡಬ್ಬದೊಳಗೆ ಹಿಡಿಸಲಿಲ್ಲ, ಹಿಡಿಸುವುದೂ ಇಲ್ಲ.
ಹೊರಗೇ ಕೂತಿದೆ, ತಲೆಯ ಮೇಲೆ ಗಂಟಿಟ್ಟುಕೊಂಡ ಹಾಗೆ,
ತಂತಿಗಳು ಹಿಂಬದಿಯ ಕಿಂಡಿಯಿಂದ ಒಳಕ್ಕೆ.
ದಿನಾ ಬೆಳಗ್ಗೆ ಅದು ದೂರುತ್ತದೆ: ಫ್ಯಾನು ಕಾಣುತ್ತಿಲ್ಲ, ಕೀಲಿ ಒತ್ತಿ.
"ಒತ್ತಿದರಾಯಿತು. ನಮ್ಮ ಡಿಪೋ ಸಾಹೇಬನೂ ಹಾಗೇ ಇದ್ದ."

ಸಂಜೆ ಅಂಗಡಿಯಲ್ಲೇ ಹಚ್ಚಿ ನೋಡಿದೆವು.
ಹಳಿ ಹರಿಯಿತು. ಬರ್ಚ್ ಮರಗಳು ತಡವರಿಸದೆ ಸರಿದವು.
ಮುದುಕ ದಾಟಿದ, ಬದುಕಿದ.
ಎರಡನೆಯ ನಿಲ್ದಾಣದಲ್ಲಿ ಅವರು ನಿಲ್ಲಿಸಿ ಬಾಗಿಲು ತೆರೆದರು.
ಯಾರೂ ಹತ್ತಲಿಲ್ಲ.
ಮುಂದಕ್ಕೆ? ಅಂದೆ.
"ಇನ್ನೂ ಎರಡು ನಿಮಿಷ ಇದೆ" ಅಂದರು,
ಕೈ ಲಿವರಿನ ಮೇಲೆ, ಕಣ್ಣು ಕನ್ನಡಿಯಲ್ಲಿ.
ಅಂಗಡಿ ಮುಚ್ಚುವ ಹೊತ್ತು ಆಗಲೇ ಮೀರಿತ್ತು.
ನಾನು ಏಳಲಿಲ್ಲ.