ನಾಲ್ಕಕ್ಕೂ ಐದಕ್ಕೂ ನಡುವೆ

ಬಾ, ಕೂತುಕೋ. ಆ ಸ್ಟೂಲಿನ ಒಂದು ಕಾಲು ಮೋಟು,
ಗೋಡೆಗೆ ಒರಗಿಸಿದರೆ ನಿಲ್ಲುತ್ತದೆ.
ಕಳಚು ಬಲಗಾಲಿನದು. ಅಯ್ಯೋ, ಬಾಯಿ ಬಿಟ್ಟಿದೆಯಲ್ಲ
ಹಸಿದ ಮೊಸಳೆಮರಿಯ ಹಾಗೆ!
ಎಲ್ಲೆಲ್ಲಿ ಸುತ್ತಿದೆ ಎಂದು ಕೇಳುವುದಿಲ್ಲ, ಅಟ್ಟೆಯೇ ಹೇಳುತ್ತದೆ:
ನದೀದಂಡೆಯ ಕಪ್ಪೆಚಿಪ್ಪಿನ ಚೂರು,
ಕೋಟೆಯಂಗಳದ ಕೆಂಪು ಪುಡಿ,
ಮರದ ಇಗರ್ಜಿಯ ನೆಲಕ್ಕೆ ಉಜ್ಜಿದ ಮೇಣ.
ಕೈಯಲ್ಲಿ ನಕಾಶೆ, ಎಂಟು ಪದರ.
ನಾಲ್ಕು ಮುಗಿಸಿ ಐದಕ್ಕೆ ಹೊರಟವಳಿಗೆ
ನಡುದಾರಿಯಲ್ಲಿ ಕಾಲೇ ಕೈಕೊಟ್ಟಿತು.

ಹೌದು, ಪಾರಾಮಾರಿಬೊ ನಡೆದೇ ನೋಡಬೇಕಾದ ಊರು.
ನಿನ್ನ ಹಾಳೆಯೂ ಹಾಗೇ ಹೇಳುತ್ತದೆ:
ಹಗುರವಾದ ಜೋಡು ಮೆಟ್ಟಿರಿ, ನೀರಿನ ಬಾಟಲಿ ಇರಲಿ,
ಒಟ್ಟು ಮೂರು ಗಂಟೆ.
ಒಳ್ಳೆಯ ಮಾತು.
ಆ ಮೂರನೇ ನಂಬರು, ಬಿಳಿ ಮನೆ, ಹಸಿರು ಕಿಟಕಿ,
ಅದರ ಮೆಟ್ಟಿಲಿನ ಇಟ್ಟಿಗೆ ಹಾಲೆಂಡಿನದು.
ಬರಿಹೊಟ್ಟೆಯ ಹಡಗು ಓಲಾಡದಿರಲೆಂದು ತುಂಬಿ ತಂದದ್ದು;
ಮರಳುವಾಗ ಅದೇ ಹೊಟ್ಟೆಗೆ ಸಕ್ಕರೆ.
ಇಷ್ಟನ್ನು ಹಾಳೆ ಹೇಳುತ್ತದೆ.
ಮೆಟ್ಟಿಲು ನಡುವೆ ಸವೆದು ತಗ್ಗಾಗಿದೆ, ಗಮನಿಸಿದೆಯಾ?
ಅದು ಚರ್ಮ ಸವೆಸಿದ ತಗ್ಗು.
ಜೋಡಾಗದ ಚರ್ಮ.

ಇಲ್ಲಿ ಗುಲಾಮರಿಗೆ ಜೋಡು ನಿಷಿದ್ಧವಾಗಿತ್ತು ತಾಯಿ.
ಮುಖ ನೋಡುವ ಮೊದಲೇ
ಪಾದ ನೋಡಿ ತಿಳಿಯಬೇಕು, ಯಾರು ಯಾರ ಸ್ವತ್ತು.

ತಾಳು, ಎಳೆಯಬೇಡ, ಅಂಟು ಹಿಡಿಯಲಿ.
ಎದುರುಮನೆಯ ಸುಮಿಯಾತಿ ಮರಗೆಣಸು ಕರಿಯುತ್ತಿದ್ದಾಳೆ,
ತರಿಸಲೇ?

ನನ್ನ ಮುತ್ತಜ್ಜಿ ಯಾಕೋಬಾ.
ಸಂಕೋಲೆ ಕಡಿದ ದಿನ ಹದಿಮೂರರ ಹುಡುಗಿ.
ಕಡಿದರೂ 'ಇನ್ನು ಹತ್ತು ವರ್ಷ ತೋಟದಲ್ಲೇ ದುಡಿ' ಎಂದರು.
ದುಡಿದಳು.
ಆಮೇಲೆ ದೋಣಿ ಹತ್ತಿ ಈ ಊರಿಗೆ ಬಂದು
ಮೊದಲ ಸಂಬಳದಲ್ಲಿ ಕೊಂಡದ್ದು ಜೋಡು.
ಇಪ್ಪತ್ತಮೂರು ವರ್ಷ ಕೆಸರು ತುಳಿದ ಪಾದ
ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತ್ತಂತೆ.
ಹಿಡಿಸಲಿಲ್ಲ.
ವಾಪಸು ಕೊಟ್ಟಳೇ? ಎಲ್ಲಿಯ ಮಾತು!
ಲಾಡಿಗೆ ಲಾಡಿ ಗಂಟು ಹಾಕಿ, ಕೊರಳಿಗೆ ಹಾರ ಮಾಡಿಕೊಂಡು
ಭಾನುವಾರ ಬೀದಿಯುದ್ದ ನಡೆದಳು,
ಬರಿಗಾಲಲ್ಲಿ.
ಇಗರ್ಜಿಯಲ್ಲಿ ಪಕ್ಕದ ಜಾಗದಲ್ಲಿ ಅವನ್ನು ಕೂರಿಸಿ ಹಾಡಿದಳು.
ನಕ್ಕವರಿಗೆ ಉತ್ತರ ತಲೆವಸ್ತ್ರದಲ್ಲಿತ್ತು.
ಗಂಜಿ ಹಾಕಿ ಮಡಿಸುವ ಬಗೆಯಲ್ಲೇ ನಮ್ಮ ಹೆಂಗಸರದೊಂದು ಬರಹ:
ಒಂದು ಮಡಿಕೆಗೆ 'ಮೂಲೆಯಲ್ಲಿ ಕಾದಿರು' ಎಂದರ್ಥ,
ಇನ್ನೊಂದಕ್ಕೆ 'ಆಡಿಕೊಳ್ಳಲಿ ಬಿಡು'.
ಮುತ್ತಜ್ಜಿ ಸಾಯುವತನಕ ಕಟ್ಟಿದ್ದು ಎರಡನೆಯದು.

ಹೆಸರಿನ ಕಥೆಯೂ ಜೋಡಿನದೇ.
ಒಡೆಯ ರೋಸೆನ್. ಬಿಡುಗಡೆಯ ಪಟ್ಟಿ ಬರೆದ ಗುಮಾಸ್ತ
ಅದನ್ನೇ ಹಿಂದುಮುಂದು ಮಾಡಿ ನಮ್ಮನ್ನು ನೆಸೋರ್ ಎಂದ.
ಎಡಗಾಲಿನದನ್ನು ಬಲಗಾಲಿಗೆ ತುರುಕಿದ ಹಾಗೆ.
ನಾಲ್ಕು ತಲೆಮಾರು ನಡೆದೂ ನಡೆದೂ
ಈಗ ಹದಕ್ಕೆ ಬಂದಿದೆ. ಹೊರಗೆ ನಾನೇ ಬಣ್ಣದಲ್ಲಿ ಬರೆದಿದ್ದೇನೆ ನೋಡು:
ಆರ್ಮಾಂಡ್ ನೆಸೋರ್, ಜೋಡು ರಿಪೇರಿ.
ಕೊನೆಯ ಅಕ್ಷರಕ್ಕೆ ಹಲಗೆ ಸಾಲಲಿಲ್ಲ.

ಐದನೆಯದು ಎಲ್ಲಿಗೂ ಓಡಿಹೋಗುವುದಿಲ್ಲ.
ಯೆಹೂದ್ಯರ ಮಂದಿರ, ಅದರ ಮಗ್ಗುಲಲ್ಲೇ ಮಸೀದಿ,
ಹಬ್ಬದ ದಿನ ಇವರ ಕಾರು ಅವರ ಅಂಗಳದಲ್ಲಿ.
ನೋಡಲೇಬೇಕು, ಹೋಗು.

ಏನಂದೆ? ಈ ಅಂಗಡಿಗೆ ನಂಬರಿಲ್ಲವೇ?
ಕೊಡಿಲ್ಲಿ ನಕಾಶೆ. ಬಿಚ್ಚಬೇಡ, ಮಡಿಕೆಯಲ್ಲೇ ಇರಲಿ.
ನಾಲ್ಕಕ್ಕೂ ಐದಕ್ಕೂ ನಡುವೆ
ದಬ್ಬಳದಿಂದ ಒಂದೇ ಒಂದು ಚುಚ್ಚು.
ಇಗೋ, ನಾನು.

ರಾತ್ರಿ ಕೋಣೆಯಲ್ಲಿ ಬಿಚ್ಚಿ ದೀಪಕ್ಕೆ ಹಿಡಿ.
ಎಂಟೂ ಪದರ ದಾಟಿರುತ್ತದೆ:
ನದಿಯಲ್ಲೊಂದು ತೂತು, ಕೋಟೆಯ ಗೋಡೆಯಲ್ಲೊಂದು,
ಅರಮನೆ ಹಿಂದಿನ ತಾಳೆತೋಪಿನಲ್ಲಿ,
ಹೋಟೆಲಿನ ಜಾಹೀರಾತಿನಲ್ಲಿ,
ಆಚೆದಡದಲ್ಲಿ, ಹೆಸರು ಬರೆಯದೆ ಹಸಿರು ಬಳಿದುಬಿಟ್ಟ
ಹಳೆಯ ತೋಟಗಳಲ್ಲಿ.

ದುಡ್ಡು ಹೊಲಿಗೆಗೆ ಮಾತ್ರ.
ಹಾಕಿಕೋ. ಹಿಮ್ಮಡಿ ಮೊದಲು ಊರು,
ಎರಡು ಹೆಜ್ಜೆ ನಡೆದು ನೋಡು.
ಕಚ್ಚುತ್ತದೆಯೇ?
ಕಚ್ಚಲಿ, ಸ್ವಲ್ಪ ದೂರ.