ಕಳೆದುಹೋದ ವಸ್ತುಗಳ ಪೆಟ್ಟಿಗೆ

ಪ್ರೆಸ್ಟನ್ನಿನ ಪ್ರೈಮರಿ ಶಾಲೆಯ ದೊಡ್ಡ ಕೋಣೆ
ಭಾನುವಾರ ಹತ್ತರಿಂದ ಹನ್ನೆರಡು ನಮಗೆ ಬಾಡಿಗೆಗೆ.
ಅಆಇಈ ಒಂದು ಗಂಟೆ, ಕತೆ ಒಂದು ಗಂಟೆ,
ನಡುವೆ ಬಿಸ್ಕತ್ತು.
ವಾರವಿಡೀ ಔಷಧಿ ಅಂಗಡಿಯಲ್ಲಿ
ಯಾರದೋ ಬಿ.ಪಿ. ಮಾತ್ರೆ ಎಣಿಸುವ ನಾನು
ಅವತ್ತೊಂದು ದಿನ ಪುರಾಣಿಕಳು.

ಮೊದಲ ವಾರವೇ ಎಡವಿದೆ.
'ಮೈಮೇಲೆ ಹುತ್ತ ಬೆಳೆಯುವ ತನಕ ತಪಸ್ಸು ಮಾಡಿದ,
ಕೊನೆಗೆ ಬ್ರಹ್ಮ ಬಂದು ವರ ಕೊಟ್ಟ'
ಅಂದದ್ದೇ ತಡ, ಹಂಸಿನಿಯ ಕೈ ಮೇಲೆ.
ಅವಳ ಚಿಕ್ಕಮ್ಮನಿಗೆ ಮೂರು ವರ್ಷ
ಫೋನಿನಲ್ಲಿ ವರ ಹುಡುಕಿದ್ದು ಅವಳಿಗೆ ಗೊತ್ತು.
'ರಾಕ್ಷಸನಿಗೆ ವರ ಸಿಕ್ಕಿದ ಮೇಲೆ
ಮದುವೆ ಎಲ್ಲಿ ಮಾಡಿದರು? ಊಟಕ್ಕೆ ಏನಿತ್ತು?'

ಕಂಬ ಒಡೆದು ಸಿಂಹ ಬರಬೇಕಾದ ದಿನ
ಕೋಣೆಯಲ್ಲಿ ಕಂಬವೇ ಇಲ್ಲ.
ರೇಡಿಯೇಟರಿಗೆ ಕಿವಿಯಿಟ್ಟ ಅಗಸ್ತ್ಯ ಪಿಸುಗುಟ್ಟಿದ:
'ಇದ್ದಾನೆ. ಹೊಟ್ಟೆ ಗುರುಗುರು ಅಂತಿದೆ.
ಬಿಸ್ಕತ್ತು ಹಾಕಲಾ?'
ಹಾಕಿಯೂ ಬಿಟ್ಟಿದ್ದ.

ಭೂಮಿಯನ್ನು ಚಾಪೆಯಂತೆ ಸುತ್ತಿದವನ ಕತೆಗೆ
ಜಿಮ್ಮಿನ ನೀಲಿ ಮ್ಯಾಟಿನ ಮೇಲೆ ನಿಂತುಕೊಂಡೇ
ಅದನ್ನು ಸುತ್ತಹೋಗಿ ಮಿಹಿರ ಮೂಗು ಜಜ್ಜಿಕೊಂಡ.
ರಕ್ತ ಒರೆಸುತ್ತ ಹೊಳೆಯಿತು:
ನಲವತ್ತು ವರ್ಷದಿಂದ ಈ ಕತೆ ಗೊತ್ತು,
ಅವನು ನಿಂತದ್ದೆಲ್ಲಿ ಅಂತ ಒಮ್ಮೆಯೂ ಕೇಳಲಿಲ್ಲ.

ನಗುವ ಹಾಗಿಲ್ಲ ನಾನು.
ಕಂಸನಿಗೆ ಆಕಾಶವಾಣಿಯಾಯಿತು ಅಂದಾಗ
ನನಗೆ ಕಂಡದ್ದು ದಾವಣಗೆರೆಯ ಮನೆಯ ಮರ್ಫಿ ರೇಡಿಯೋ.
ಎದುರಿಗೆ ಕಂಸ ಕೂತಿದ್ದಾನೆ, ಸೆಲ್ಲು ಮುಗಿಯುತ್ತಿದೆ,
ಕರಕರ ಸದ್ದಿನಲ್ಲಿ 'ಎಂಟನೆಯ' ಅಂದದ್ದು
ಅವನಿಗೆ ಸರಿಯಾಗಿ ಕೇಳಿಸಲಿಲ್ಲ,
ಅದಕ್ಕೇ ಮೊದಲಿನಿಂದ ಶುರುಮಾಡಿದ.
ಐದನೆಯ ಕ್ಲಾಸಿನವರೆಗೆ ಹಾಗೆಯೇ ನಂಬಿದ್ದೆ.
ಈಗಲೂ ಪೂರ್ತಿ ಬಿಟ್ಟಿಲ್ಲ.

ಚೌತಿ ಕಳೆದ ಭಾನುವಾರ
ಮಣ್ಣಿನ ಮಗ, ಕಾಯುವ ಬಾಗಿಲು, ಅಪ್ಪನ ಸಿಟ್ಟು.
ಕತ್ತಿಯನ್ನು ಬೇಗ ದಾಟಿಸಿ ಆನೆಯನ್ನು ತಂದೆ.
ಎಲ್ಲರೂ ಸೊಂಡಿಲಿಗೆ ಬಣ್ಣ ತುಂಬಿದರು.
ಪರ್ಣಿಕಾ ತುಂಬಲಿಲ್ಲ. ಐದೂವರೆ ವರ್ಷ.
'ಮಿಸ್, ಮೊದಲಿನ ತಲೆ?'
'ಅದು ಸಿಗಲಿಲ್ಲ, ಪುಟ್ಟಾ.'
'ಹೆಸರು ಹೊಲಿದಿರಲಿಲ್ವಾ?'

ಅವಳ ಜಂಪರಿಗೆ, ಕೋಟಿಗೆ, ಎರಡೂ ಕೈಗವಸಿಗೆ
ಅಮ್ಮ ಹೆಸರಿನ ಪಟ್ಟಿ ಹೊಲಿದಿದ್ದಾಳೆ. ಶಾಲೆಯ ನಿಯಮ.
ಹೆಸರಿದ್ದದ್ದು ಮನೆಗೆ ಬರುತ್ತದೆ, ಇಲ್ಲದ್ದು
ಆಫೀಸಿನ ಬಾಗಿಲ ಬಳಿಯ ಪೆಟ್ಟಿಗೆಗೆ.
ಪಾರ್ವತಿ ಅಷ್ಟೂ ಮಾಡಲಿಲ್ಲವಲ್ಲ ಎಂದು
ಆ ಪುಟ್ಟ ಮುಖದಲ್ಲಿ ನಮ್ಮತ್ತೆಯ ಬೇಸರ.

ಬಿಸ್ಕತ್ತಿನ ಹೊತ್ತಿಗೆ ಕಾಣೆ. ಹೋಗಿ ನೋಡಿದರೆ
ಪೆಟ್ಟಿಗೆಯೊಳಗೆ ಸೊಂಟದವರೆಗೆ ಇಳಿದಿದ್ದಾಳೆ.
ಒಂಟಿ ಶೂ, ನೀರಿನ ಬಾಟಲಿ, ಹನ್ನೊಂದು ಜಂಪರು,
ಯಾರದೋ ಈಜುಗನ್ನಡಕ.
ಕೇರ್‌ಟೇಕರ್ ಥ್ರೆಲ್‌ಫಾಲ್ ಬೀಗದ ಗೊಂಚಲು ಹಿಡಿದು ಬಂದ.
'ಏನು ಕಳೆದುಕೊಂಡೆ, ಮಗಳೇ?'
'ತಲೆ. ಒಬ್ಬ ಹುಡುಗನದು. ನನ್ನದಲ್ಲ.'
ಮೂವತ್ತು ವರ್ಷ ಇದೇ ಕೆಲಸ ಮಾಡಿದ ಮನುಷ್ಯ,
ಕಿವಿಯ ಮೇಲಿನ ಪೆನ್ಸಿಲು ತೆಗೆದ.
'ಕೂದಲ ಬಣ್ಣ?'
'ಕಪ್ಪು.'
'ಯಾವಾಗ ಹೋದದ್ದು?'
ಅವಳು ನನ್ನತ್ತ ನೋಡಿದಳು.
'ತುಂಬಾ ಹಿಂದೆ' ಅಂದೆ.
'ನಾವು ಒಂದು ಟರ್ಮ್ ಮಾತ್ರ ಇಟ್ಟುಕೊಳ್ಳೋದು,
ಆಮೇಲೆ ಚಾರಿಟಿ ಅಂಗಡಿಗೆ ಕಳಿಸಿಬಿಡ್ತೀವಿ'
ಅಂದ. ನಿಜವಾಗಿಯೂ ನೊಂದಿದ್ದ.

ಪರ್ಣಿಕಾ ಯೋಚಿಸಿದಳು.
'ಹಾಗಾದ್ರೆ ಯಾರೋ ತಗೊಂಡಿರ್ತಾರೆ.'
ಕೈ ಕೊಡವಿಕೊಂಡು ಬಂದು
ತನ್ನ ಪಾಲಿನ ಬಿಸ್ಕತ್ತು ತಿಂದಳು.

ಮಧ್ಯಾಹ್ನ ಬಸ್ಸಿನ ಕಿಟಕಿಯಾಚೆ
ಚಾರಿಟಿ ಅಂಗಡಿಯ ಗಾಜು, ಒಳಗೆ
ಉಣ್ಣೆಯ ಟೋಪಿ ಹಾಕಿಕೊಂಡ ಬೊಂಬೆ ತಲೆಗಳು.
ಎರಡು ಸ್ಟಾಪು ಮೊದಲೇ ಇಳಿದೆ.
ಭಾನುವಾರ ನೋಡಿ, ಬಾಗಿಲು ಹಾಕಿತ್ತು.