ಕೊಸರು

ವಾಸ್ಕೋದಾಗ ನಮ್ಮ ಹನ್ನೆರಡನೇ ಇಯತ್ತೆ
ದಿನಾ ಬೆಂಚು ಒರೆಸೂದರಿಂದ ಚಾಲೂ ಆಗತಿತ್ತು.
ಬಂದರದ ಕಲ್ಲಿದ್ದಲು ರಾತ್ರೆಲ್ಲಾ ಹಾರಿ ಬಂದು
ಯಾರ ಜಾಗ ಯಾವುದಂತ ಕೇಳದ
ಎಲ್ಲಾರ ಜಾಗದಾಗೂ ಕುಂತಿರತಿತ್ತು.
"ಸಮಾನತೆಗೆ ಇದೊಂದು ಉದಾಹರಣೆ" ಅಂದ ರೊಸಾರಿಯೊ,
ಕೈವಸ್ತ್ರ ಝಾಡಿಸಿ.
ಬ್ರಾಗಾಂಝ ಟೀಚರ್ ನಗಲಿಲ್ಲ, ಬರಕೊಂಡ್ರು.

ತತ್ತ್ವಜ್ಞಾನ ತೊಗೊಂಡವರು ಹನ್ನೊಂದು ಮಂದಿ.
ಆರು ಮಂದಿಗೆ ಗಣಿತ ಬ್ಯಾಡಾಗಿತ್ತು,
ಇಬ್ಬರಿಗೆ ಪಾದ್ರಿ ಆಗೂದಿತ್ತು,
ಒಬ್ಬಾಕಿಗೆ ಆ ಇಬ್ಬರೊಳಗ ಒಬ್ಬ ಬೇಕಾಗಿದ್ದ.
ನನಗ, ಖರೇ ಹೇಳಬೇಕಂದ್ರ,
ಪುಸ್ತಕ ತೆಳ್ಳಗಿತ್ತು, ಹಳೇದು ಅರ್ಧ ರೇಟಿಗೆ ಸಿಕ್ಕಿತ್ತು.
ರೊಸಾರಿಯೊ ಯಾಕ ಬಂದಾನಂತ ಅವಗೂ ಗೊತ್ತಿರಲಿಲ್ಲ.
"ಇವನೊಬ್ಬನೇ ಖರೇ ತತ್ತ್ವಜ್ಞಾನಿ" ಅಂತಿದ್ರು ಟೀಚರ್.

ಹಾಜರಿ ಕರಿಯೂವಾಗ ನನ್ನ ಹೆಸರಿನ ತನಕ ಬಂದು
ಒಮ್ಮೆ ನಿಂತು ಉಸರು ತೊಗೋತಿದ್ರು:
ನಿಂಬೆವ್ವ ಲಾಯದಗುಂದಿ.
ಹುನಗುಂದದ ಕಡೀಕಿನ ಊರು, ಝುವಾರಿನಗರದ ಖೋಲಿ,
ಮಾರ್ಕೆಟ್ಟಿನ ಹೊರಗಿನ ಸಾಲಿನಾಗ ಅವ್ವನ ಕಾಯಿಪಲ್ಲೆ,
ಇಷ್ಟೂ ಆ ಒಂದು ಹೆಸರಿನೊಳಗ ತುರುಕಿ ಇಟ್ಟಿತ್ತು.

ಧರ್ಮಗಳ ಪಾಠಕ್ಕ ಮನಿಯಿಂದ
ಒಂದೊಂದು ಸಾಮಾನು ತರಬೇಕಾಗಿತ್ತು.
ಜಪಮಾಲೆ ಐದು ಬಂದ್ವು, ತಸಬಿ ಒಂದು,
ಸೊಂಡಿ ಮುರದ ಗಣಪತಿ ಒಂದು.
ನಾ ಅಪ್ಪನ ಬೆಳ್ಳಿ ಕರಡಿಗಿ ಒಯ್ದಿದ್ದೆ,
ಎರಡು ಸಲ ಒತ್ತಿ ಇಟ್ಟು ಬಿಡಿಸಿದ್ದು.
ಟೀಚರ್ ತೆರದು ನೋಡಿ "ಖಾಲಿ?" ಅಂದ್ರು.
ಲಿಂಗ ಅಪ್ಪನ ಸಂಗಾಟ ಮಣ್ಣಾಗ ಹೋತು ಅಂದೆ.
ಭಾಳ ಹೊತ್ತು ಹಿಡಕೊಂಡು ನಿಂತ್ರು.
ಆಮ್ಯಾಲೆ ಮುಚ್ಚಿಕೊಟ್ರು, ಕೂಸು ಮಲಗಿದ ಮನಿ ಬಾಗಿಲ ಹಾಕಿದಂಗ,
ಸಪ್ಪಳಿಲ್ಲದ.

ನೀತಿಶಾಸ್ತ್ರ ಬಂದದ್ದು ದೀಪಾವಳಿ ಸೂಟಿ ಆದ ಮ್ಯಾಲ.
ಕರ್ತವ್ಯ ಅಂದ್ರ ಕೊಡಬೇಕಾದ್ದು ಕೊಡೂದು.
ಅದಕ್ಕಿಂತ ಹೆಚ್ಚು ಕೊಟ್ರ?
ಅದಕ್ಕ ಇಂಗ್ಲಿಷಿನಾಗ ಕಲ್ಲಿದ್ದಲ ರೈಲಿನಷ್ಟು ಉದ್ದ ಶಬ್ದ;
ಬೋರ್ಡು ಸಾಲದ ಕಡೀ ಅಕ್ಷರ ಗ್ವಾಡಿ ಮ್ಯಾಲ ಬಂತು.
ನಾ ಕೈ ಎತ್ತಿದೆ: ನಮ್ಮ ಕಡೆ ಕೊಸರು ಅಂತೇವಿ.
ತೂಕ ಮುಗದ ಮ್ಯಾಲ ಎರಡು ಹಸಿಮೆಣಸಿನಕಾಯಿ,
ಒಂದೆಸಳು ಕರಿಬೇವು. ಲೆಕ್ಕಕ್ಕ ಇಲ್ಲದ್ದು.
"ಕೋಸರು" ಅಂತ ಉದ್ದ ಎಳದು ಟೀಚರ್ ಬರದ್ರು.
ಅವ್ವನ ಪರವಾಗಿ ನನ್ನ ಎದಿ ಉಬ್ಬಿತು.

ಸಂಜೀಕ ಅವ್ವಗ ಹೇಳಿದೆ.
ಅವ್ವ ಬದನಿಕಾಯಿ ಒರಸೂದು ಬಿಟ್ಟು
ಅರ್ಧ ಕಿಲೋದ ಕಲ್ಲು ಡಬ್ಬ ಹಾಕಿ ತೋರಿಸಿದಳು:
ತಳದಾಗ ಸೀಸ ತುಂಬೂ ತೂತು, ಬರೇ ತೂತು.
"ಯಾವಾಗ ಉದುರಿತೋ. ಹೊಸಾದಕ್ಕ ರೊಕ್ಕಿಲ್ಲ.
ಅದಕ್ಕ ಮೆಣಸಿನಕಾಯಿ ಹಾಕತೀನಿ.
ಧರ್ಮಕ್ಕಲ್ಲ ಮಗಳ, ಸಾಲಕ್ಕ."

ಮಾರ್ಚಿನ ಪರೀಕ್ಷೆದಾಗ ನಾಕನೇ ಪ್ರಶ್ನೆ, ಐದು ಮಾರ್ಕಿಂದು:
ಪ್ರಾಮಾಣಿಕತೆ ಎಂದರೇನು?
ಮುಂದಿನ ಬೆಂಚಿನ್ಯಾಗ ರೊಸಾರಿಯೊ ಒಂದೇ ಸಮನ ಕೆಮ್ಮತಿದ್ದ;
ಅವರ ಮನಿ ಬಂದರದ ಗ್ವಾಡಿಗೇ ಹತ್ತಿ.
ಹೊಳ್ಳಿ ನೋಡಿದ. ಅವನ ಹಾಳಿ ಬೆಳ್ಳಗಿತ್ತು,
ಇಡೀ ವಾಸ್ಕೋದಾಗ ಅಷ್ಟು ಬೆಳ್ಳಗಿನದ್ದು
ನಾ ಏನೂ ನೋಡಿರಲಿಲ್ಲ.
ನನ್ನ ಮೊಳಕೈ ತಾನ ಸರೀತೋ, ನಾ ಸರಿಸಿದೆನೋ,
ಇನ್ನೂ ನಿಕಾಲಿ ಆಗಿಲ್ಲ.
ಮೂರು ಮಾರ್ಕಿನಷ್ಟು ಬರಕೊಂಡು
ಸಾಕು ಅಂತ ಕಣ್ಣಾಗ ಹೇಳಿ ತಿರುಗಿದ.

ಅವತ್ತ ಸಂಜೀಕ ಅಂಗಡಿಗೆ ಟೀಚರೇ ಬಂದ್ರು.
ಅರ್ಧ ಕಿಲೋ ಬೆಂಡಿಕಾಯಿ.
ಅವ್ವ ಆ ಕಲ್ಲೇ ಇಟ್ಟಳು, ತಕ್ಕಡಿ ಸರಿ ನಿಂತಿತು.
ಮೆಣಸಿನಕಾಯಿಗೆ ಕೈ ಹೋಗೂದಕ್ಕೂ
"ಕೋಸರು!" ಅಂದ್ರು ಟೀಚರ್, ಸಣ್ಣ ಹುಡುಗಿಯಂಗ, ಚೀಲದ ಬಾಯಿ ತೆರದು.
ಅವ್ವ ನನ್ನ ಮಾರಿ ನೋಡಿದಳು.
ನಾ ಬೆಂಡಿಕಾಯಿ ಮ್ಯಾಲಿನ ಕರೀ ಧೂಳ ಒರಸತಿದ್ದೆ.